ಅಸಲಿ ನಕಲು

ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದದ್ದು, ಅರಮನೆ ಗೋಡೆಗಷ್ಟೇ ಎಟುಕುತ್ತಿದ್ದ ಲಕ್ಷ್ಮಿ, ಸರಸ್ವತಿಯರು ಅಗ್ಗದ ಬೆಲೆಗೆ ಮನೆಮನೆಯ ದೇವರಗೂಡು ಸೇರಲೆಂದು. ಯಂತ್ರ ಜರ್ಮನಿಯದು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಆ ಅಚ್ಚುಚಿತ್ರಗಳೇ ಈಗ ಹಳೆ ಸಾಮಾನಿನ ಅಂಗಡಿಗಳಲ್ಲಿ ‘ಅಸಲಿ’ ಎನಿಸಿಕೊಂಡಿವೆ. ವ್ಯಾಪಾರ ಸಾಮಾನ್ಯವಾಗಿ ಹೀಗೆ ಕುದುರುತ್ತದೆ:

ಗಿರಾಕಿ: ಇದು ರವಿವರ್ಮರೇ ಬರೆದದ್ದೇನ್ರೀ?

ವ್ಯಾಪಾರಿ: ಅಲ್ಲ ಸಾರ್, ಅಚ್ಚು. ಆದ್ರೆ ಅಸಲಿ ಅಚ್ಚು.

ಗಿರಾಕಿ: ಪಕ್ಕದ್ದೂ ಹಾಗೇ ಇದೆಯಲ್ಲ?

ವ್ಯಾಪಾರಿ: ಅದು ನಕಲಿನ ನಕಲು, ಇನ್ನೂರು ರೂಪಾಯಿ. ಇದು ಬರೀ ನಕಲು, ನಲವತ್ತು ಸಾವಿರ.

ಅನುಮಾನ ಪಟ್ಟವರ ಕೈಗೆ ಭೂತಗನ್ನಡಿ ಬರುತ್ತದೆ. ಆಫ್‌ಸೆಟ್ ಪ್ರತಿಯಲ್ಲಿ ಲಕ್ಷ್ಮಿಯ ಕೆನ್ನೆ ಸಾಲುಹಿಡಿದ ಚುಕ್ಕಿಗಳಾಗಿ ಒಡೆಯುತ್ತದೆ. ಕಲ್ಲಚ್ಚಿನಲ್ಲಿ ಚುಕ್ಕಿಗಳು ಕೈಯಿಂದ ಇಟ್ಟಂತೆ ಅಡ್ಡಾದಿಡ್ಡಿ. ಸೀರೆಯ ಮೇಲೆ ಬಟ್ಟೆ ಅಂಟಿಸಿ ಜರಿ ಹೊಲಿದ ಪ್ರತಿಗೆ ಗಿರಾಕಿಗಳು ಇನ್ನೂ ಹೆಚ್ಚು. ಯಾವುದೋ ಮನೆಯವರು ಬಿಡುವಿನಲ್ಲಿ ಮಾಡಿದ ಈ ಸಿಂಗಾರದಿಂದ, ಸಾವಿರದಲ್ಲೊಂದಾಗಿದ್ದ ಹಾಳೆ ಲೋಕಕ್ಕೆ ಒಂದೇ ಆಗಿಬಿಡುತ್ತದೆ. ಚಿತ್ರಕಾರನ ಒಪ್ಪಿಗೆಯನ್ನಂತೂ ಯಾರೂ ಕೇಳಿದಂತಿಲ್ಲ.

ಗಿರಾಕಿ: ಮೂಲೆಯಲ್ಲಿ ಇದೇನು ಕಲೆ?

ವ್ಯಾಪಾರಿ: ಊದುಬತ್ತಿ ಹೊಗೆ ಸಾರ್. ಒರೆಸಿದ್ರೆ ಹತ್ತು ಸಾವಿರ ಕಮ್ಮಿ ಆಗತ್ತೆ.

ಗಿರಾಕಿ: ಹಣೆಗೆ ಕುಂಕುಮ ಇಲ್ವಲ್ಲ?

ವ್ಯಾಪಾರಿ: ಹಳೇದಾ ಹೊಸದಾ ಹೇಳಿ, ಹಚ್ಚಿಕೊಡೋಣ.

ರವಿವರ್ಮರ ಕುಂಚದ್ದೇ ಬೇಕೆನ್ನುವವರಿಗೆ ಮೈಸೂರಿನ ಜಗನ್ಮೋಹನ ಅರಮನೆ ಇದೆ. ಅಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಮಾರಾಟಕ್ಕಿರುವುದು ಟಿಕೆಟ್ಟು ಮಾತ್ರ.