ಪಂಚಾಯಿತಿ ಸದಸ್ಯರ ಗೌರವಧನ: ಒಂದು ಬಹುಶಿಸ್ತೀಯ ಸಂಕಥನ

ಪ್ರಸ್ತುತ ಅಧ್ಯಯನವು ಸ್ಥಳೀಯ ಚುನಾಯಿತ ಪ್ರತಿನಿಧಿಯ ಆರ್ಥಿಕ ಅಸ್ಮಿತೆಯನ್ನು ಸಪ್ತವಿಧ ಭತ್ಯಾ ಚೌಕಟ್ಟಿನೊಳಗಿಟ್ಟು ಸಂರಚನಾತ್ಮಕವಾಗಿ, ಸಂರಚನೋತ್ತರವಾಗಿ ಹಾಗೂ ಮಧ್ಯಾಹ್ನದ ಊಟೋತ್ತರವಾಗಿ ಪರಿಶೀಲಿಸುತ್ತದೆ. ವಿಕೇಂದ್ರೀಕರಣದ ವಿಚಾರ ಸಂಕಿರಣಗಳಲ್ಲಿ 'ತಳಮಟ್ಟದ ಸಬಲೀಕರಣ' ಎಂಬುದನ್ನು ಕೇಳಿ ಕೇಳಿ ಸೋತ ಕಿವಿಗಳೇ ಈ ಸಂಶೋಧನೆಯ ಪ್ರಾಥಮಿಕ ಆಕರ.

1. ಶಾಸನಬದ್ಧ ಭತ್ಯೆ

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ ಹಿಂದೆ ತಿಂಗಳಿಗೆ 3,000 ರೂಪಾಯಿ, ಉಪಾಧ್ಯಕ್ಷರಿಗೆ 2,000, ಸದಸ್ಯರಿಗೆ 1,000 ಇತ್ತು. ಪರಿಷ್ಕರಣೆಯಾಗಿ 6,000, 4,000, 2,000 ಆಯಿತು. ಅಂದರೆ ದುಪ್ಪಟ್ಟು. 2025ರ ಮಾರ್ಚ್ 21ರಂದು ವಿಧಾನಸಭೆ ಶಾಸಕರ ವೇತನವನ್ನು 40,000ದಿಂದ 80,000ಕ್ಕೂ ಮುಖ್ಯಮಂತ್ರಿಯದನ್ನು 75,000ದಿಂದ ಒಂದೂವರೆ ಲಕ್ಷಕ್ಕೂ ಏರಿಸಿತು. ಅದೂ ದುಪ್ಪಟ್ಟೇ. ಕೆಳಗೂ ಎರಡರಷ್ಟು, ಮೇಲೂ ಎರಡರಷ್ಟು: ಇದನ್ನು 'ಗುಣಕ ಸಮಾನತಾ ಸಿದ್ಧಾಂತ' ಎಂದು ಕರೆಯತಕ್ಕದ್ದು. ಗುಣಕ ಒಂದೇ ಆಗಿರುವಾಗ ಗುಣ್ಯದ ಬಗ್ಗೆ ಪ್ರಶ್ನಿಸುವುದು ಅಶಾಸ್ತ್ರೀಯ.

ಅಂದು ಸದನದಲ್ಲಿ ಹರಿದ ಕಾಗದಗಳು ಸ್ಪೀಕರ್ ಪೀಠದತ್ತ ತೂರಿಬರುತ್ತಿದ್ದವು. 18 ಶಾಸಕರು ಅಮಾನತಾದರು. ವೇತನದ ಮಸೂದೆ ಮಾತ್ರ ಚರ್ಚೆಯ ಹಂಗಿಲ್ಲದೆ ದಾಟಿಹೋಯಿತು. ಗದ್ದಲವೆಂಬುದು ಸಹಮತದ ಪರಾಕಾಷ್ಠೆ ಎಂಬ ನಮ್ಮ ಪ್ರಮೇಯಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಇನ್ನು ತೌಲನಿಕ ದತ್ತಾಂಶ. 2025-26ನೇ ಸಾಲಿನಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಆ ಕೆಲಸಗಳ ಪಟ್ಟಿಗೆ ಕೈಯೆತ್ತಿ ಒಪ್ಪಿಗೆ ಕೊಡುವ ಸದಸ್ಯೆಯ ತಿಂಗಳ ಗೌರವಧನ ಐದೂವರೆ ದಿನದ ಕೂಲಿಗೂ ಸಾಲದು.

2. ಋಣಾತ್ಮಕ ಭತ್ಯೆ

ಇದು ಸದಸ್ಯರಿಂದ ಸಮಾಜದ ಕಡೆಗೆ ಹರಿಯುವ ವಿಲೋಮ ಪ್ರವಾಹ. ಉಪವಿಭಾಗಗಳು: ಮದುವೆಯ ಮುಯ್ಯಿ, ಜಾತ್ರೆಯ ಚಂದಾ, ತಾಲ್ಲೂಕು ಕಚೇರಿಗೆ ಹೋಗಿಬರುವ ಪೆಟ್ರೋಲು, ಪಿಂಚಣಿ ನಿಂತ ಅಜ್ಜಿಯ ಬಸ್ ಚಾರ್ಜು, ಬೋರ್‌ವೆಲ್ ಮೋಟಾರು ಸುಟ್ಟ ದಿನ ಮೆಕ್ಯಾನಿಕ್ಕಿಗೆ ಕೈಯಿಂದ ಕೊಟ್ಟ ಮುಂಗಡ. ಮೀಸಲು ಕ್ಷೇತ್ರದಿಂದ ಗೆದ್ದ ಕೂಲಿಕಾರ ಹೆಣ್ಣುಮಗಳು ಸಭೆಗೆ ಬಂದರೆ ಅವತ್ತಿನ ಕೂಲಿ ಹೋಯಿತು. ಈ ವಿದ್ಯಮಾನಕ್ಕೆ ವಿದ್ವಾಂಸರು 'ರಾಜಕೀಯ ಪ್ರಾತಿನಿಧ್ಯದ ಅವಕಾಶ ವೆಚ್ಚ' ಎನ್ನುತ್ತಾರೆ. ಆಕೆ 'ಸಂಜೆ ಒಲೆಗೇನು?' ಎನ್ನುತ್ತಾಳೆ.

3. ಋತುಮಾನಿಕ ಭತ್ಯೆ

ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಕ್ಷೇತ್ರದವು. ಅಲ್ಲಿ ಪಂಚಾಯಿತಿ ಸದಸ್ಯರೂ ಮತದಾರರು. ಆ ಚುನಾವಣೆ ಬಂದಾಗ ಅದುವರೆಗೆ ಫೋನೆತ್ತದ ದೊಡ್ಡವರು ತಾವೇ ಫೋನು ಮಾಡಿ 'ಅಣ್ಣಾ, ಊಟ ಆಯ್ತಾ?' ಎನ್ನುತ್ತಾರೆ. ಎಣಿಕೆ ಮುಗಿದ ಸಂಜೆ ಅಣ್ಣ ಮತ್ತೆ 'ಯಾವ ಊರಪ್ಪಾ ನಿಂದು?' ಆಗುತ್ತಾನೆ.

4. ಅದೃಶ್ಯ ಭತ್ಯೆ

ಇದರ ಅಳತೆ ಶೇಕಡಾವಾರಿನಲ್ಲಿ. ಚರಂಡಿಯ ಕಾಂಕ್ರೀಟಿನ ದಪ್ಪದಲ್ಲಿ ಇದನ್ನು ಪರೋಕ್ಷವಾಗಿ ಓದಬಹುದು. ಇಲ್ಲಿ ತಮಾಷೆ ಮುಂದುವರಿಯುವುದು ಕಷ್ಟ. ಎರಡು ಸಾವಿರ ಕೊಟ್ಟು, ಕೋಟಿಗಟ್ಟಲೆ ಕಾಮಗಾರಿ ಹಾದುಹೋಗುವ ಬಾಗಿಲಲ್ಲಿ ಕೂರಿಸಿ, ಕೈ ನೀಡಬೇಡ ಎಂದು ಬುದ್ಧಿ ಹೇಳುವವರು ತಮ್ಮ ವೇತನವನ್ನು ತಾವೇ ಬರೆದುಕೊಳ್ಳುತ್ತಾರೆ. ಲಂಚ ತಿಂದ ಸದಸ್ಯನನ್ನು ಸಮರ್ಥಿಸುತ್ತಿಲ್ಲ. ತಿನ್ನದೆ ಸಾಲ ಮಾಡಿಕೊಂಡ ಸದಸ್ಯನನ್ನು ಯಾವ ಸಂಕಿರಣವೂ ವೇದಿಕೆಗೆ ಕರೆಯಲಿಲ್ಲ ಎನ್ನುತ್ತಿದ್ದೇನೆ.

ಸಪ್ತವಿಧ ಎಂದಿದ್ದೆ. ಉಳಿದ ಮೂರನ್ನು ಪಿಎಚ್‌ಡಿ ಆಕಾಂಕ್ಷಿಗಳಿಗೆ ಬಿಟ್ಟಿದ್ದೇನೆ.

ಉಪಸಂಹಾರ

ಇದೇ ರಾಜ್ಯದಲ್ಲಿ, ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾಯ್ದೆಯಡಿ, ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. 1987ರಲ್ಲಿ ಆ ಪರಿಷತ್ತುಗಳಿಗೆ ಚುನಾವಣೆಯೂ ನಡೆಯಿತು. ಜಿಲ್ಲೆಯ ಅಧಿಕಾರಿ ಚುನಾಯಿತನ ಮಾತು ಕೇಳಬೇಕಾದ ಕಾಲ ಅದು.

ಈಗ? 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಬಳಿಕ ವರ್ಷಗಟ್ಟಲೆ ಚುನಾವಣೆಯ ಸುಳಿವಿಲ್ಲ. ಬೆಂಗಳೂರಿನ 198 ಕಾರ್ಪೊರೇಟರುಗಳು 2020ರ ಸೆಪ್ಟೆಂಬರ್‌ನಲ್ಲಿ ಮನೆಗೆ ಹೋದರು; ಆಮೇಲೆ ಆಡಳಿತಾಧಿಕಾರಿಗಳೇ ಆಳಿದರು, 2025ರಲ್ಲಿ ಆ ಪಾಲಿಕೆಯೇ ಐದು ಹೋಳಾಯಿತು. ಸರ್ಕಾರಗಳು ಬದಲಾದವು, ನೆಪ ಬದಲಾಗಲಿಲ್ಲ: ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯ. ಸದಸ್ಯನಿಗೆ ಎಷ್ಟು ಕೊಡಬೇಕೆಂಬ ಪ್ರಶ್ನೆಗೆ ಎಲ್ಲ ಪಕ್ಷಗಳೂ ಸೇರಿ ಕಂಡುಕೊಂಡ ಉತ್ತರ ಇದು. ಸದಸ್ಯನೇ ಇಲ್ಲದಿದ್ದರೆ ಖರ್ಚೇ ಇಲ್ಲ.

ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243-ಇ ಮತ್ತು 243-ಯು ವಿಧಿಗಳು ಹೇಳುತ್ತವೆ. ಇದನ್ನು ತಿಳಿಯಲು ಮೀಮಾಂಸೆ ಬೇಕಿಲ್ಲ, ಓದಲು ಬಂದರೆ ಸಾಕು.