ಕಡ್ಲೆಪುರಿ ಮತ್ತು ಗ್ರೀಸು

ಹೆಣ್ಣು ನೋಡಲು ಹೋದಾಗ ಭಾವಿ ಮಾವನವರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಒಂದು, "ಏನು ಕೆಲಸ?"

"ಪೀಣ್ಯದ ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್. ಮೆಷಿನ್ ಕೆಟ್ಟರೆ ಸರಿಮಾಡಿಸೋದು."

ಅವರು ಕೋಡುಬಳೆ ಮುರಿಯುತ್ತ ಸ್ವಲ್ಪ ಹೊತ್ತು ಯೋಚಿಸಿ ಎರಡನೆಯದನ್ನು ಕೇಳಿದರು: "ಕೆಡದೇ ಇದ್ದರೆ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಮದುವೆಯೇನೋ ಆಯಿತು. ಕೆಡದೇ ಇರುವ ಮೆಷಿನ್ನನ್ನು ನಾನಾಗ ಕಂಡೇ ಇರಲಿಲ್ಲವಾದ್ದರಿಂದ ಪ್ರಶ್ನೆಯನ್ನು ಮಾವನವರ ಮನೆಯಲ್ಲೇ ಬಿಟ್ಟು ಬಂದೆ.

ನಮ್ಮ ಕಾರ್ಖಾನೆಯವರಿಗೆ ಮೆಷಿನ್ನುಗಳ ಮೇಲೆ ಪ್ರೀತಿ ಇರಲಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಇತ್ತು, ವರ್ಷಕ್ಕೊಂದು ದಿನ ಇತ್ತು. ಆಯುಧಪೂಜೆಯ ಮಧ್ಯಾಹ್ನ ಕೆಲಸ ನಿಲ್ಲಿಸಿ ಎಲ್ಲರೂ ಪ್ಯಾಂಟು ಮಡಚಿಕೊಂಡು ಇಳಿದರೆಂದರೆ ಲೇತುಗಳಿಗೆ ಸೀಮೆಎಣ್ಣೆಯ ಅಭ್ಯಂಜನ. ಏರ್ ಗನ್ ಹಿಡಿದು ಬುಸ್ಸೆಂದು ಊದಿದರೆ ಕಣ್ಣಿಗೆ ಕಾಣುವ ಕಬ್ಬಿಣದ ಚೂರೆಲ್ಲ ಮಾಯ. ಮಾಯವಾಗಿ ಎಲ್ಲಿ ಹೋಗುತ್ತಿತ್ತು ಎಂದರೆ, ಸೀದಾ ಸ್ಲೈಡಿನ ಸಂದಿಗೆ. ನೆಲ ತೊಳೆಯುವ ಪೈಪು ಭಕ್ತಿ ಉಕ್ಕಿ ಒಂದಿಷ್ಟು ಮೇಲೆದ್ದು ಕಂಟ್ರೋಲ್ ಪ್ಯಾನೆಲ್ಲಿಗೂ ಗಂಗಾಸ್ನಾನ ಮಾಡಿಸುತ್ತಿತ್ತು. ಗ್ರೀಸ್ ಗನ್ ಹಿಡಿದವನಂತೂ ಹೊಸ ಅಳಿಯನ ಎಲೆಗೆ ತುಪ್ಪ ಬಡಿಸುವ ಅತ್ತೆಯ ಹಾಗೆ, ಸಾಕು ಎನ್ನುವ ತನಕ ಒತ್ತುವವನು. ಅಳಿಯನಾದರೆ ಎಲೆಗೆ ಕೈ ಅಡ್ಡ ಹಿಡಿದಾನು, ಬೇರಿಂಗು ಏನು ಮಾಡೀತು? ಬೇರಿಂಗಿನೊಳಗೆ ಖಾಲಿ ಇರುವ ಜಾಗದಲ್ಲಿ ಮೂರನೇ ಒಂದು ಪಾಲು, ಹೆಚ್ಚೆಂದರೆ ಅರ್ಧ ಗ್ರೀಸು ಸಾಕು. ಅದಕ್ಕಿಂತ ಹೆಚ್ಚಾದರೆ ತಿರುಗುವಾಗ ಕಡೆದು ಕಡೆದು ಬಿಸಿಯಾಗಿ ತಾನೇ ಸುಟ್ಟುಕೊಳ್ಳುತ್ತದೆ. ಇಷ್ಟೆಲ್ಲ ಉಪಚಾರದ ಮೇಲೆ ಅರಿಶಿನ, ಕುಂಕುಮ, ಬಾಳೆಕಂದು, ಬೂದುಗುಂಬಳ; ಕೊನೆಗೆ ತಲೆಗೊಂದು ಕಡ್ಲೆಪುರಿ ಪೊಟ್ಟಣ, ಸ್ವೀಟ್ ಬಾಕ್ಸು.

ರಜೆ ಮುಗಿಸಿ ಬಂದ ಬೆಳಿಗ್ಗೆ ನಾಲ್ಕು ಮೆಷಿನ್ನು ಏಳುತ್ತಿರಲಿಲ್ಲ. ಮಾಲೀಕರು "ದೃಷ್ಟಿ" ಎನ್ನುತ್ತಿದ್ದರು. ಮುಂದಿನ ವರ್ಷ ಇನ್ನೂ ದೊಡ್ಡ ಕುಂಬಳಕಾಯಿ.

ದೃಷ್ಟಿಯಲ್ಲ ಎಂದು ನನಗೆ ತಿಳಿಸಿದವರು ಸಿ.ಎಚ್. ವಾಡಿಂಗ್ಟನ್ ಎಂಬ ಬ್ರಿಟಿಷ್ ತಳಿವಿಜ್ಞಾನಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳನ್ನು ಬೇಟೆಯಾಡುತ್ತಿದ್ದ ವಿಮಾನಗಳ ರಿಪೇರಿ ಲೆಕ್ಕವನ್ನು ಇವರ ತಂಡ ಕೆದಕಿ ನೋಡಿತು. ಆ ವಿಮಾನಗಳಿಗೆ ಪ್ರತಿ 50 ಗಂಟೆ ಹಾರಾಟಕ್ಕೊಮ್ಮೆ ಕಡ್ಡಾಯ ತಪಾಸಣೆ. ನೋಡಿದರೆ, ತಪಾಸಣೆಯಾದ ಬೆನ್ನಿಗೇ ಕೆಡುವುದು ಹೆಚ್ಚು. ಹಾರುತ್ತ ಹಾರುತ್ತ ಅದು ಕಡಿಮೆ! ನೆಟ್ಟಗಿದ್ದುದನ್ನು ಬಿಚ್ಚಿ ಜೋಡಿಸುವುದರಲ್ಲೇ ಅವು ಕೆಡುತ್ತಿದ್ದವು. 1973ರಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿ ಇದೆಲ್ಲ ಇದೆ. ಬ್ರಿಟಿಷರ ವಾಯುಪಡೆಗೂ ಪೀಣ್ಯದ ಆಯುಧಪೂಜೆಗೂ ಇಷ್ಟು ಹತ್ತಿರದ ನೆಂಟಸ್ತಿಕೆ ಇದ್ದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮಾಲೀಕರಿಗೆ ಹೇಳಿದೆ. "ಹಾಗಾದರೆ ಪೂಜೆ ಬೇಡ ಅಂತೀರಾ?" ಎಂದರು. ಪೂಜೆ ಇರಲಿ ಸಾರ್, ಸ್ನಾನ ಬೇಡ ಎಂದೆ. ಅವರಿಗೆ ಅದು ಇನ್ನೂ ಅಪಚಾರವೆನ್ನಿಸಿತು.

ಆಮೇಲೆ ಜಪಾನ್ ಬಂತು. ದೊಡ್ಡ ಗಿರಾಕಿ ಕಂಪನಿಯೊಂದು ಟಿಪಿಎಂ, ಅಂದರೆ ಟೋಟಲ್ ಪ್ರೊಡಕ್ಟಿವ್ ಮೇಂಟೆನೆನ್ಸ್, ಇಲ್ಲದಿದ್ದರೆ ಆರ್ಡರೂ ಇಲ್ಲ ಎಂದಿತ್ತು. ಟೊಯೋಟಾಗೆ ಬಿಡಿಭಾಗ ಮಾಡಿಕೊಡುತ್ತಿದ್ದ ನಿಪ್ಪಾನ್‌ಡೆನ್ಸೋ ಕಂಪನಿ 1971ರಲ್ಲಿ ಇದರಿಂದ ಬಹುಮಾನ ಗಳಿಸಿತ್ತಂತೆ. ಸೆಯಿಚಿ ನಾಕಾಜಿಮಾ ಎಂಬವರು ಇದರ ಪಿತಾಮಹರಂತೆ. ತಿರುಳು ಮಾತ್ರ ನಮ್ಮ ಅಜ್ಜಿಗೂ ಗೊತ್ತಿದ್ದದ್ದು: ಎಮ್ಮೆ ಕರೆಯುವವನೇ ಎಮ್ಮೆಯ ಮೈ ತೊಳೆಯಬೇಕು. ಮೆಷಿನ್ ಓಡಿಸುವವನೇ ದಿನಾ ಒರೆಸಿ, ಎಣ್ಣೆ ನೋಡಿ, ಬೋಲ್ಟು ಬಿಗಿ ಮಾಡಬೇಕು. ಒರೆಸುವಾಗ ಕೈಗೆ ಸಿಕ್ಕ ಬಿರುಕು, ಸೋರಿಕೆ, ಸಡಿಲ ಇವೆಲ್ಲ 'ಫುಗುವಾಯಿ'. ತಾನೇ ಸರಿಮಾಡುವಂಥದ್ದಕ್ಕೆ ಬಿಳಿ ಚೀಟಿ, ನಮ್ಮ ವಿಭಾಗದವರು ಬರಬೇಕಾದಲ್ಲಿ ಕೆಂಪು ಚೀಟಿ ಕಟ್ಟಬೇಕು.

ಹುಡುಗರು ಕಟ್ಟಿದರು ನೋಡಿ! ಒಂದೇ ವಾರದಲ್ಲಿ ನಮ್ಮ ಹಳೆಯ ಪವರ್ ಪ್ರೆಸ್ಸು ಮಾರಮ್ಮನ ಗುಡಿಯ ಮುಂದಿನ ಹರಕೆ ಮರದಂತಾಯಿತು. ಕ್ಯಾಂಟೀನಿನ ಟೀ ಡ್ರಮ್ಮಿಗೊಂದು ಕೆಂಪು ಚೀಟಿ: 'ಒಳಗೆ ನೀರು ಸೇರುತ್ತಿದೆ, ಸೀಲ್ ಬದಲಿಸಿ.' ನನ್ನ ಕುರ್ಚಿಗೂ ಒಂದು: 'ಸದ್ದು ಹೆಚ್ಚು, ಚಲನೆ ಇಲ್ಲ.' ಅದು ಕುರ್ಚಿಯ ಬಗ್ಗೆಯೇ ಎಂದು ನಾನು ಇಂದಿಗೂ ನಂಬಿದ್ದೇನೆ.

ದಿನದ ಚೆಕ್‌ಲಿಸ್ಟಿನ ಕತೆ ಬೇರೆ. ತಿಂಗಳ ಕೊನೆಯ ದಿನ ಒಬ್ಬನೇ, ಒಂದೇ ಪೆನ್ನಿನಲ್ಲಿ, ಟೀ ಆರುವುದರೊಳಗೆ ಎಲ್ಲ ದಿನಗಳಿಗೂ ಟಿಕ್ ಹೊಡೆದು ಮುಗಿಸುತ್ತಿದ್ದ. ಮಾರಿ ಆರು ತಿಂಗಳಾಗಿದ್ದ ಡ್ರಿಲ್ಲಿಂಗ್ ಮೆಷಿನ್ನೂ ನಮ್ಮ ಕಾಗದದ ಪ್ರಕಾರ ದಿನಾ ಎಣ್ಣೆ ಕುಡಿದು ಆರೋಗ್ಯವಾಗಿತ್ತು. ಆಡಿಟರ್ ಅದನ್ನು ನೋಡಬೇಕೆಂದಾಗ ನಾನು ಅವರನ್ನು ಊಟಕ್ಕೆ ಕರೆದುಕೊಂಡು ಹೋದೆ.

ಅಷ್ಟಕ್ಕೂ ಹುಡುಗರನ್ನು ಅಂದು ಏನು ಫಲ? ಮೆಷಿನ್ ಕೆಟ್ಟ ರಾತ್ರಿ ನಮ್ಮಲ್ಲಿ ಜಾತ್ರೆ. ಮಾಲೀಕರೇ ಓಡಿ ಬರುವರು, ಪರೋಟ ತರಿಸುವರು, ಮೂರು ಗಂಟೆಗೆ ಮೋಟಾರು ಗುಂಯ್ ಎಂದಾಗ ಫಿಟ್ಟರನ ಬೆನ್ನು ತಟ್ಟುವರು. ಓವರ್‌ಟೈಮ್ ಬೇರೆ. ನನಗೆ ಎರಡು ಸಲ ಇನ್‌ಕ್ರಿಮೆಂಟ್ ಬಂದದ್ದೂ ಇಂಥ ರಾತ್ರಿಗಳಿಂದಲೇ. ಮೆಷಿನ್ ಕೆಡದ ರಾತ್ರಿ ಪರೋಟ ತರಿಸಿದ ಮಾಲೀಕರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಪರೋಟ ತಿನ್ನದವನು ಒಬ್ಬನಿದ್ದ. ಎಣ್ಣೆ ತಾತ. ಎಣ್ಣೆ ಎಂದರೆ ನೀವು ಅಂದುಕೊಂಡದ್ದಲ್ಲ. ಆತ ಬೀಡಿ ಕೂಡ ಮುಟ್ಟಿದವನಲ್ಲ. ಕಂಪ್ರೆಸರ್ ಶೆಡ್ಡು ಅವನ ಪಾಲಿಗೆ ಬಿದ್ದಿತ್ತು. ದಿನಾ ಬೆಳಿಗ್ಗೆ ಟ್ಯಾಂಕಿನಡಿಯ ವಾಲ್ವು ತಿರುಗಿಸಿ ರಾತ್ರಿಯ ನೀರು ಬಸಿಯುವನು, ಬೆಲ್ಟನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡುವನು, ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು ಹಿಡಿಯನ್ನು ಕಿವಿಯ ಬುಡಕ್ಕೆ ಆನಿಸಿ, ನಾಡಿ ಹಿಡಿದ ಪಂಡಿತರಂತೆ ಕಣ್ಣು ಮುಚ್ಚುವನು.

"ಏನಂತೆ ತಾತ?"

"ಈ ಕಡೆಯದಕ್ಕೆ ಗಂಟಲು ಒಣಗಿದೆ ಸಾಮಿ. ಆ ಕಡೆಯದಕ್ಕೆ ಅಜೀರ್ಣ. ಹಬ್ಬದಲ್ಲಿ ಯಾರೋ ಮೆತ್ತವ್ರೆ."

ಅಲ್ಲಿಂದೀಚೆಗೆ ಆಯುಧಪೂಜೆಯ ದಿನ ಅವನು ಶೆಡ್ಡಿಗೆ ಬೀಗ ಹಾಕಿ, ಬಾಗಿಲಿಗಷ್ಟೇ ಕುಂಕುಮ ಹಚ್ಚಿ, ಬೀಗದಕೈಯನ್ನು ಪಂಚೆಯ ಗಂಟಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ. ವಾಡಿಂಗ್ಟನ್ ಸಾಹೇಬರನ್ನು ಓದಿದವನಲ್ಲ. ಹೆಬ್ಬೆಟ್ಟಾದ್ದರಿಂದ ಚೆಕ್‌ಲಿಸ್ಟಿಗೂ ಟಿಕ್ ಹಾಕಿದವನಲ್ಲ. ಇಡೀ ಕಾರ್ಖಾನೆಯಲ್ಲಿ ನಮ್ಮ ಕಾಗದದ ಪ್ರಕಾರ ಯಾವ ಆರೈಕೆಯೂ ಇಲ್ಲದೆ ಅನಾಥವಾಗಿದ್ದ ಯಂತ್ರ ಆ ಕಂಪ್ರೆಸರ್ ಒಂದೇ. ಕೆಡದೇ ಇದ್ದದ್ದೂ ಅದೊಂದೇ.

ತಾತ ರಿಟೈರಾದ. ಬೀಳ್ಕೊಡುಗೆಗೆ ಶಾಲು, ಹಾರ ಬಂತು. ಮಾಲೀಕರು ಮಾತಾಡಲು ಎದ್ದು ನಿಂತು, ಏನಾದರೂ ಸಿಕ್ಕೀತೆಂದು ನನ್ನತ್ತ ನೋಡಿದರು. ನಾನು ಫೈಲು ತಿರುವಿದೆ. ಕಂಪ್ರೆಸರ್ ಶೆಡ್ಡಿನ ಬ್ರೇಕ್‌ಡೌನ್ ರಿಜಿಸ್ಟರು ಖಾಲಿ. ಕೊನೆಗೆ ಅವರೇ ಗಂಟಲು ಸರಿಮಾಡಿಕೊಂಡು, "ಇವರು ನಮ್ಮಲ್ಲಿ ಇಷ್ಟು ವರ್ಷ ಇದ್ದರು. ಇವರ ಕಾಲದಲ್ಲಿ... ಏನೂ ಆಗಲಿಲ್ಲ" ಎಂದು ಕೂತರು. ಜನ ಚಪ್ಪಾಳೆ ತಟ್ಟುವುದೋ ಬೇಡವೋ ಎಂದು ಸ್ವಲ್ಪ ಹೊತ್ತು ತಡವರಿಸಿದರು. ತಾತ ಮಾತ್ರ ಜ್ಞಾನಪೀಠ ಬಂದವರಂತೆ ಕೈ ಮುಗಿದು ನಗುತ್ತಿದ್ದ. ನನಗೆ ಯಾಕೋ ಕೋಡುಬಳೆ ನೆನಪಾಯಿತು.

ಹೋಗುವಾಗ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟ. "ದಿನಾ ಒಂದು ಸಲ ಕಿವಿ ಕೊಡಿ ಸಾಮಿ, ಸಾಕು."

ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿ ಆಲಿಸಿದೆ. ಗರಗರ ಎಂದಿತು. ಎದೆ ಧಸಕ್ಕೆಂದಿತು. ಗಂಟಲೋ ಅಜೀರ್ಣವೋ ತಿಳಿಯದು. ಆಗಲೇ ಹಿಂದಿನಿಂದ ಅಪ್ರೆಂಟಿಸ್ ಹುಡುಗ ಬಾಯಿತುಂಬ ಬೀಳ್ಕೊಡುಗೆಯ ಮಿಕ್ಸ್ಚರ್ ಅಗಿಯುತ್ತ, "ಏನಂತೆ ಸಾರ್?" ಎಂದ.

"ಮೊದಲು ನೀನು ಅಗಿಯೋದು ನಿಲ್ಲಿಸು ಮಾರಾಯ" ಎಂದೆ.