ಒಂದು ಕಣ್ಣಿಗೆ ಬೆಣ್ಣೆ

ಡಬ್ಬಿ ಅಂಗೈ ತುಂಬ ಇದೆ. ಗಾಜು ದಪ್ಪ, ತಳ ಅದಕ್ಕಿಂತ ದಪ್ಪ, ಮುಚ್ಚಳಕ್ಕೆ ಚಿನ್ನದ ಬಣ್ಣ. ಒಳಗಿರುವ ಕ್ರೀಮು ಮಾತ್ರ 15 ಮಿಲಿಲೀಟರ್, ಅಂದರೆ ಟೀ ಚಮಚದಲ್ಲಿ ಮೂರು ಚಮಚ. ಬೆಲೆ 4,800 ರೂಪಾಯಿ. ಶಾಲೆಯಲ್ಲಿ ಕಲಿತ ಲೆಕ್ಕ ಇಂಥ ಹೊತ್ತಿಗೇ ನೆನಪಾಗಿ ಸುಖ ಕೆಡಿಸುತ್ತದೆ: ಲೀಟರಿಗೆ 3,20,000. ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ. ಅದರ ಹೆಡ್‌ಲೈಟಿನ ಕೆಳಗೆ ಕಪ್ಪೂ ಇರುವುದಿಲ್ಲ.

ನಾನು ಮಾಲ್‌ಗೆ ಹೋಗಿದ್ದು ಮಗಳಿಗೆ ಚಪ್ಪಲಿ ಕೊಡಿಸಲು. ದಾರಿಗಡ್ಡ ಬಂದ ಹುಡುಗಿ ತಲೆ ವಾಲಿಸಿ, "ಮ್ಯಾಮ್, ಅಂಡರ್ ಐ ತುಂಬಾ ಟಯರ್ಡ್ ಆಗಿದೆ ಅಲ್ವಾ?" ಅಂದಳು. ನಲವತ್ತೇಳು ವರ್ಷದಲ್ಲಿ ನನಗೆ ಸುಸ್ತಾಗಿದೆಯಾ ಎಂದು ಕೇಳಿದ ಮೊದಲ ಜೀವ. ಕೇಳಿದ್ದು ನನ್ನನ್ನಲ್ಲ, ಕಣ್ಣಿನ ಕೆಳಗಿನ ಅರ್ಧ ಇಂಚನ್ನು, ನಿಜ. ಆದರೂ ಕರಗಿದೆ. ಅಕ್ಕಿಕಾಳಿನಷ್ಟೇ ತಗೋಬೇಕಂತೆ. ಉಂಗುರಬೆರಳಲ್ಲೇ ಹಚ್ಚಬೇಕಂತೆ, ಆ ಬೆರಳಿಗೆ ಜೋರು ಕಡಿಮೆಯಂತೆ. ಕ್ರೀಮು ಮೊಗೆಯಲು ಪುಟ್ಟದೊಂದು ಲೋಹದ ಚಮಚ ಬೇರೆ. ಎಳೆಕೂಸಿಗೆ ಬಜೆ ತೇಯ್ದು ಒಳಲೆಯಲ್ಲಿ ಹಾಕುವಾಗಲೂ ನಮ್ಮಜ್ಜಿ ಇಷ್ಟು ನಾಜೂಕು ಮಾಡುತ್ತಿರಲಿಲ್ಲ.

ಮನೆಗೆ ಬಂದು ಕನ್ನಡಕ ಹಾಕಿಕೊಂಡು ಪೆಟ್ಟಿಗೆ ಓದಿದೆ. ಓದಬಾರದಿತ್ತು. ಮೊದಲು ನೀರು, ಆಮೇಲೆ ಗ್ಲಿಸರಿನ್, ಆಮೇಲೆ ಸಿಲಿಕೋನ್. ಹೆಚ್ಚಿರುವುದನ್ನು ಮೊದಲು ಬರೆಯಬೇಕು, ಶೇಕಡಾ 1ಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಜೋಡಿಸಬಹುದು ಎಂಬುದು ಈ ಪಟ್ಟಿಯ ನಿಯಮ. ಹುಡುಗಿ ಹಾಡಿ ಹೊಗಳಿದ ಪೆಪ್ಟೈಡು, ಕೆಫೀನುಗಳೆಲ್ಲ ಆ ಬಾಲದಲ್ಲಿ ನೇತಾಡುತ್ತಿದ್ದವು. ಕೆಫೀನು ರಕ್ತನಾಳವನ್ನು ಸ್ವಲ್ಪ ಹೊತ್ತು ಬಿಗಿಮಾಡಿ ಊತ ಇಳಿಸೀತು. ಹಚ್ಚಿದ ಕೂಡಲೇ ಕಣ್ಣು ಬೆಳಗಿದ್ದಕ್ಕೆ ಕಾರಣ ಬೇರೆಯೇ: ಅಭ್ರಕ ಮತ್ತು ಟೈಟಾನಿಯಂ ಡೈಆಕ್ಸೈಡ್. ಒಂದು ಮಿನುಗುತ್ತದೆ, ಇನ್ನೊಂದು ಗೋಡೆಯ ಬಿಳಿ ಪೇಂಟಿನಲ್ಲಿರುವ ಅದೇ ಬಿಳುಪು. ಅಂದರೆ ನನಗೆ ಒಂದು ಕೋಟ್ ಹೊಡೆದಿದ್ದರು, ಅಷ್ಟೆ.

ಪೆಟ್ಟಿಗೆಯ ಮೇಲಿನ ಭರವಸೆಯಂತೂ ಸಾಹಿತ್ಯ. ಕಪ್ಪು ಹೋಗುತ್ತದೆ ಎಂದು ಎಲ್ಲೂ ಇಲ್ಲ. ಕಪ್ಪಿನ ತೋರಿಕೆ ಕಡಿಮೆಯಾದಂತೆ ಕಾಣಲು ನೆರವಾಗಬಹುದು ಎಂದಿದೆ. ವಕೀಲರ ಕೈಬರಹ. 1940ರ ಔಷಧ ಮತ್ತು ಪ್ರಸಾಧನ ಕಾಯಿದೆಯ ಪ್ರಕಾರ ರೂಪವನ್ನು ಚಂದಗಾಣಿಸಿದರೆ ಅದು ಪ್ರಸಾಧನ. ಶರೀರದ ರಚನೆಗೋ ಕೆಲಸಕ್ಕೋ ಕೈ ಹಾಕುತ್ತೇನೆ ಎಂದರೆ ಔಷಧದ ಸಾಲಿಗೆ ಹೋಗಿ ಪರೀಕ್ಷೆ ಬರೆಯಬೇಕು. ಏನೂ ಮಾಡುವುದಿಲ್ಲ ಎಂದು ಸರ್ಕಾರಕ್ಕೂ ಎಲ್ಲ ಮಾಡುತ್ತೇನೆ ಎಂದು ನನಗೂ ಒಂದೇ ವಾಕ್ಯದಲ್ಲಿ ಹೇಳುವ ಕಲೆಗೆ ಲೀಟರಿಗೆ ಮೂರು ಲಕ್ಷ ಹೆಚ್ಚೇನಲ್ಲ.

ದುಡ್ಡು ಕೊಟ್ಟಾಗಿತ್ತು, ಪರೀಕ್ಷೆ ನಾನೇ ಮಾಡಿದೆ. ಎಡಗಣ್ಣಿಗೆ ಈ ಬೆಣ್ಣೆ. ಬಲಗಣ್ಣಿಗೆ ಸುಣ್ಣದ ಬದಲು ಮೆಡಿಕಲ್ ಸ್ಟೋರಿನ 180 ರೂಪಾಯಿಯ ಸಾದಾ ಗ್ಲಿಸರಿನ್ ಕ್ರೀಮು. ಆರು ವಾರ, ಒಂದು ದಿನವೂ ತಪ್ಪಿಸಲಿಲ್ಲ. ಸುಳ್ಳು ಹೇಳಬಾರದು, ಒಣಗಿ ಬಿದ್ದಿದ್ದ ಸಣ್ಣ ಗೆರೆಗಳು ಮೆತ್ತಗಾದವು. ಎರಡೂ ಕಡೆ. ಯಾವ ಕಣ್ಣು ಚೆನ್ನಾಗಿದೆ ಎಂದು ಗಂಡನನ್ನು ಕೇಳಿದೆ. ಸಿಲಬಸ್ಸಿನಲ್ಲಿಲ್ಲದ ಪ್ರಶ್ನೆ ಬಂದವರಂತೆ ಬೆವರಿ, "ಎರಡೂ ನಿಂದೇ ಅಲ್ವಾ?" ಅಂದರು.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಟಾರ್ಚ್ ಬಿಟ್ಟು, ಚರ್ಮ ಎಳೆದು ನೋಡಿ, "ಇದು ಬಣ್ಣ ಅಲ್ಲಮ್ಮ, ನೆರಳು. ಕಣ್ಣಿನ ಕೆಳಗೆ ಹಳ್ಳ ಇದೆ, ಬೆಳಕು ಮೇಲಿಂದ ಬಿದ್ದಾಗ ಕಪ್ಪು ಕಾಣುತ್ತೆ. ನಿಮ್ಮ ತಂದೆಗೂ ಹೀಗೇ ಇತ್ತಾ?" ಎಂದರು. ಇತ್ತು. ಅಪ್ಪ ಬಿಟ್ಟುಹೋದ ಸೈಟಿಗೆ ನಾವು ಮೂವರು ಎರಡು ವರ್ಷ ಮಾತು ಬಿಟ್ಟಿದ್ದೆವು; ಈ ಹಳ್ಳ ಮಾತ್ರ ಯಾರ ತಕರಾರೂ ಇಲ್ಲದೆ ನನ್ನ ಹೆಸರಿಗೆ ಖಾತೆಯಾಗಿತ್ತು. ನೆರಳಿಗೆ ಕ್ರೀಮು ಹಚ್ಚುತ್ತಿದ್ದೆ ಎಂದು ಅವರಿಗೆ ಹೇಳಲಿಲ್ಲ.

ಬಿಲ್ಲು ನೋಡಿದಾಗ ಇನ್ನೊಂದು ತಮಾಷೆ. ಕ್ರೀಮಿಗೆ ಶೇಕಡಾ 18 ಜಿಎಸ್‌ಟಿ. 2017ರ ಜುಲೈನಲ್ಲಿ ಈ ತೆರಿಗೆ ಬಂದಾಗ 28 ಇತ್ತು, ನವೆಂಬರಿನಲ್ಲಿ ಇಳಿಸಿದರು. ಕಾಡಿಗೆಗೆ ಮಾತ್ರ ಮೊದಲಿನಿಂದಲೂ ಸೊನ್ನೆ, ಪೆನ್ಸಿಲ್ ಕಡ್ಡಿಯದ್ದಾಗಿರಬಾರದು ಅಷ್ಟೆ. ಕಣ್ಣಿಗೆ ಕಪ್ಪು ಬಳಿದುಕೊಂಡರೆ ಸರ್ಕಾರ ಕಣ್ಣು ಮುಚ್ಚಿಕೊಳ್ಳುತ್ತದೆ, ಕಪ್ಪು ತೆಗೆಯಲು ಹೊರಟರೆ ಕಪ್ಪ ಕೇಳುತ್ತದೆ.

ಹೋದ ತಿಂಗಳು ಅಮ್ಮ ಬಂದಿದ್ದಳು. ಅವಳದು ಈಗಲೂ ಮನೆ ಕಾಡಿಗೆಯೇ. ಹೊನಗೊನೆ ಸೊಪ್ಪಿನ ರಸದಲ್ಲಿ ಬಟ್ಟೆ ಅದ್ದಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯಲ್ಲಿ ಉರಿಸಿ, ಮೇಲೆ ಕವುಚಿದ ತಟ್ಟೆಗೆ ಹಿಡಿದ ಮಸಿಯನ್ನು ತುಪ್ಪದಲ್ಲಿ ಕಲಸುತ್ತಾಳೆ. ಕನ್ನಡಿ ಮುಂದಿನ ಡಬ್ಬಿ ಎತ್ತಿಕೊಂಡು, "ಇದೇನೇ ಇದು?" ಅಂದಳು.

"ಕಣ್ಣಿನ ಕೆಳಗಿನ ಕಪ್ಪು ಹೋಗೋಕಮ್ಮ."

"ಹೋಗೋಕಾ?"

ಬೆಲೆ ಕೇಳಲಿಲ್ಲ, ದೇವರು ದೊಡ್ಡವನು. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ತಳ ತಟ್ಟಿದಳು, ಮುಚ್ಚಳ ಬಿಗಿಯಾಗಿ ಕೂರುತ್ತದೋ ಎಂದು ಎರಡು ಸಲ ಹಾಕಿ ತೆಗೆದಳು.

"ಖಾಲಿಯಾದ್ಮೇಲೆ ಬಿಸಾಕ್ಬೇಡ ಕಣೇ, ನಂಗೆ ಕೊಡು. ಕಾಡಿಗೆ ಇಟ್ಕೊಳ್ಳೋಕೆ ಚೆನ್ನಾಗಿದೆ."